ನಲವತ್ತೊಂದನೆಯ ಬಿಲ್ಲೆ

ಹೊಳೆಯ ತಳದಲ್ಲಿ ನಿಂತು ಚಹಾ ಕುಡಿದು ಬಂದೆ ಎಂದರೆ ಗದಗಿನಲ್ಲಿ ಯಾರೂ ನಂಬುವುದಿಲ್ಲ. ನಮ್ಮಲ್ಲಿ ನಲ್ಲಿಗೆ ನೀರು ಬಂದ ದಿನವೇ ಹಬ್ಬ. ಕೊಡ, ಬಕೆಟ್ಟು, ಪಾತೇಲಿ, ಕೊನೆಗೆ ಕುಡಿಯುವ ಲೋಟಗಳನ್ನು ಸಹ ತುಂಬಿಸಿ ಮುಚ್ಚಿಡುವವರು ನಾವು. ಅಂಥ ಊರಿನವಳು, ಮೂರು ಹೊತ್ತೂ ಪಂಪು ಹಚ್ಚಿ ನೀರನ್ನು ಹೊರಗೆ ಚೆಲ್ಲುವ ಜನರ ನಡುವೆ ಹೋಗಿ ನಿಂತೆ.

ನಾನು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಇಪ್ಪತ್ತಾರು ವರ್ಷಗಳಿಂದ ದಿನಾ ಸಂಜೆ ಏಳಕ್ಕೆ ಹಾಜರಿ ಪುಸ್ತಕ ತೆಗೆದು ಹೆಸರು ಕರೆಯುತ್ತೇನೆ. "ಅದೀನ್ರಿ ಅಕ್ಕೋರ" ಎಂದು ಒಬ್ಬೊಬ್ಬಳಾಗಿ ಹೇಳುತ್ತಾಳೆ. ಎಲ್ಲರ ಉತ್ತರ ಬಂದ ಮೇಲೆಯೇ ಊಟದ ಗಂಟೆ. ಮೇ ತಿಂಗಳಲ್ಲಿ ಹುಡುಗಿಯರು ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಆಮೇಲೆ ಅಷ್ಟು ದೊಡ್ಡ ಕಟ್ಟಡದಲ್ಲಿ ನಾನು, ಕಬ್ಬಿಣದ ಮಂಚಗಳು ಮತ್ತು ಒಂದು ಬೆಕ್ಕು. ಈ ಸಲ ಬೆಕ್ಕೂ ಕಾಣಲಿಲ್ಲ. ಹಾಗಾಗಿ ಆಂಧ್ರದಲ್ಲಿರುವ ತಮ್ಮನ ಮನೆಗೆ ಹೊರಟೆ. ವಿಮಾನ ಹತ್ತಿದವರಿಗೆ ಇದು ಪರದೇಶವಲ್ಲ. ರಾಣೇಬೆನ್ನೂರು ದಾಟದವಳಿಗೆ ಇದೇ ಪರದೇಶ.

ವಿಶಾಖಪಟ್ಟಣ, ಮೊದಲ ಐದು ದಿನ

ತಮ್ಮ ಮಂಜುನಾಥ ಸೇತುವೆ ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರ್. ಕೆಲಸ ವಿಜಯವಾಡದಲ್ಲಿ, ಸಂಸಾರ ವಿಶಾಖಪಟ್ಟಣದಲ್ಲಿ. ಹೆಂಡತಿ ಸತ್ಯವತಿ ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಗಳ ಮನೆಯ ಮಗಳು. ಪರವಾಡದ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಕಂಪನಿ ಬಸ್ಸು ಮೂಲೆಯಲ್ಲಿ ಹಾರ್ನ್ ಹೊಡೆದರೆ, ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ ಓಡುತ್ತಾಳೆ. ಮಗಳು ಲಾಸ್ಯ ಹತ್ತನೆಯ ತರಗತಿ ಮುಗಿಸಿ ಅದ್ಯಾವುದೋ ಕೋಚಿಂಗಿಗೆ ಹೋಗುತ್ತಾಳೆ. ಚಿಕ್ಕವಳಿದ್ದಾಗ ನನ್ನ ಹತ್ತಿರ ಗದಗಿನ ಕನ್ನಡ ಆಡುತ್ತಿದ್ದ ಹುಡುಗಿ. ಈಗ ನಾನು ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ.

"ಊಟ ಮಾಡ್ತೀಯೇನ?"

"ತಿನೇಶಾನು ಅತ್ತಾ." ಅಂದರೆ ತಿಂದಾಗಿದೆ. ತಿಂದದ್ದು ನೂಡಲ್ಸು. ನಾನು ಗದಗಿನಿಂದ ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ ಸಮುದ್ರದ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗಿ ಚಪಾತಿಯಂತಾಗಿದ್ದವು. ಆ ಊರಿನಲ್ಲಿ ಏನೂ ಖಡಕ್ ಆಗಿ ಉಳಿಯುವುದಿಲ್ಲ. ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಒಗೆದ ಸೀರೆ ಒಣಗುವುದೇ ಇಲ್ಲ.

ಯಾರೂ ನನ್ನನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದಲ್ಲ. ಸತ್ಯವತಿ ದಿನಕ್ಕೆ ಎರಡು ಸಲ ಫೋನು ಮಾಡಿ, "ವದಿನಾ, ತಿಂದ್ರಾ?" ಎಂದು ತನ್ನ ಅರ್ಧ ಕನ್ನಡದಲ್ಲಿ ಕೇಳುತ್ತಿದ್ದಳು; ವದಿನಾ ಎಂದರೆ ಗಂಡನ ಅಕ್ಕ. ತಿಂದೆ ಎಂದರೆ ಮಾತು ಮುಗಿಯುತ್ತಿತ್ತು. ಅವರ ಬಾಗಿಲ ಪಕ್ಕ ಕೀಲಿ ತೂಗುಹಾಕುವ ಮರದ ಹಲಗೆಯಿದೆ. ಅದರಲ್ಲಿ ಮೂರು ಕೊಂಡಿ, ಮೂವರಿಗೆ ಮೂರು ಕೀಲಿ. ನನಗೆಂದು ನಾಲ್ಕನೆಯ ಕೀಲಿಯನ್ನು ಹೂವಿನ ಕುಂಡದ ಕೆಳಗೆ ಇಡುತ್ತಿದ್ದರು. ಹೋಗುವಾಗ ಬಗ್ಗಿ ಇಡಬೇಕು, ಬಂದಾಗ ಬಗ್ಗಿ ತೆಗೆಯಬೇಕು.

ನಾಲ್ಕನೆಯ ದಿನ ಇಳಿಹೊತ್ತಿಗೆ ಒಬ್ಬಳೇ ಬೀಚಿಗೆ ಹೋದೆ. ಬಂದರಿನ ಒಳಗೆ ಹೋಗಲು ಜಾಗ ಸಿಗದ ಹಡಗುಗಳು ದೂರದಲ್ಲಿ ಸಾಲಾಗಿ ನಿಂತಿದ್ದವು. ಮಂಡಕ್ಕಿ ಮಾರುವವನು ನಮ್ಮ ಗಿರಮಿಟ್ಟಿನ ತಮ್ಮನಂಥ ಒಂದು ತಿನಿಸು ಕೊಟ್ಟ. ಅದಕ್ಕೆ ಈರುಳ್ಳಿ ಜಾಸ್ತಿ, ನಿಂಬೆ ಜಾಸ್ತಿ, ಪುಟಾಣಿ ಹಿಟ್ಟು ಮಾತ್ರ ಇಲ್ಲ. ತಿಂದೆ. ಹಡಗುಗಳನ್ನು ಎಣಿಸಿದೆ, ಹನ್ನೊಂದು. ಮತ್ತೆ ಎಣಿಸಿದೆ, ಹನ್ನೊಂದೇ. ಏಳು ಗಂಟೆಗೆ ಮನೆಗೆ ಬಂದರೆ ಲಾಸ್ಯ ಕಿವಿಗೆ ವೈರು ಹಾಕಿಕೊಂಡು ಸೋಫಾದ ಮೇಲಿದ್ದಳು. ತಲೆ ಎತ್ತಿ ನೋಡಿ ನಕ್ಕಳು. ನಾನು ಮೂರು ತಾಸು ಮನೆಯಲ್ಲಿರಲಿಲ್ಲ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಭಾನುವಾರ ಮಂಜು ಬಂದ. "ಅಕ್ಕಾ, ನನ್ನ ಸಂಗಡ ವಿಜಯವಾಡಕ್ಕ ಬಾ. ಕೃಷ್ಣಾ ಹೊಳಿ ತಳಾ ತೋರಸ್ತೀನಿ," ಎಂದ.

"ಮುಳುಗ್ಸಿ ತೋರಸ್ತೀಯೇನ?"

"ಮುಳುಗೋದಿಲ್ಲ, ಬಾರ. ಬುಧವಾರ ಅದನ್ನ ಮತ್ತ ನೀರಿಗೆ ಬಿಟ್ಟುಬಿಡ್ತೀವಿ. ಆಮ್ಯಾಲೆ ಯಾರಿಗೂ ಕಾಣಂಗಿಲ್ಲ."

ದೊಡ್ಡ ಚೀಲವನ್ನು ಅಲ್ಲೇ ಬಿಟ್ಟು, ಎರಡು ಸೀರೆ ಹಿಡಿದುಕೊಂಡು ಅವನ ಜೊತೆ ಹೊರಟೆ. ಬುಧವಾರ ಬೆಳಿಗ್ಗೆಯ ರೈಲಿಗೆ ಒಬ್ಬಳೇ ವಾಪಸು ಬರುವುದೆಂದು ಮಾತಾಯಿತು.

ವಿಜಯವಾಡ, ಹೊಳೆಯ ತಳ

ಬ್ಯಾರೇಜಿನಿಂದ ಮೇಲೆ ಕೃಷ್ಣೆ ಬೇಸಿಗೆಯಲ್ಲೂ ಕೆರೆಯಂತೆ ತುಂಬಿ ನಿಂತಿರುತ್ತಾಳೆ. ಅಷ್ಟು ನೀರಿನ ನಡುವೆ ಸೇತುವೆಯ ಕಂಬ ಹೇಗೆ ಕಟ್ಟುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಸಿಮೆಂಟನ್ನು ಚೀಲದಲ್ಲಿ ತುಂಬಿ ಮುಳುಗಿಸುತ್ತಾರೇನೋ ಎಂದುಕೊಂಡಿದ್ದೆ. ಮಂಜುವಿಗೆ ಹಾಗೇ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ.

ಆಮೇಲೆ ತನ್ನ ಬಾಡಿಗೆ ಕೋಣೆಯಲ್ಲಿ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಸಾರು ಸುರಿದು, ಅದರ ನಡುವೆ ಸ್ಟೀಲ್ ಲೋಟ ನೆಟ್ಟಗೆ ಇಟ್ಟು ತೋರಿಸಿದ. "ಲೋಟದ ಸುತ್ತ ಸಾರು ಐತಿ. ಒಳಗ ಐತೇನ? ಇಲ್ಲ. ಇದಕ್ಕ ತಳಾ ಇಲ್ಲ ಅಂತ ತಿಳ್ಕೋ. ಉದ್ದುದ್ದ ಉಕ್ಕಿನ ಹಲಗಿ ತರ್ತೀವಿ. ಒಂದರ ಅಂಚು ಇನ್ನೊಂದರ ಅಂಚಿನಾಗ ಸಿಗಸಿ, ಹೊಳಿ ನೆಲಕ್ಕ ಬಡಿದು ಇಳಸ್ತೀವಿ. ಸುತ್ತಾ ಗ್ವಾಡಿ ಆತು. ತಳಕ್ಕ ನೀರಾಗನ ಕಾಂಕ್ರೀಟ್ ಸುರುವಿ ಬಾಯಿ ಮುಚ್ಚತೀವಿ. ಆಮ್ಯಾಲೆ ಪಂಪ್ ಹಚ್ಚಿ ಒಳಗಿನ ನೀರು ಹೊರಗ. ಒಣ ನೆಲದಾಗ ನಿಂತು ಕಂಬ ಕಟ್ಟತೀವಿ. ಕಂಬ ನೀರಿನ ಮ್ಯಾಲೆ ಬಂದಕೂಡಲೇ ಗ್ವಾಡಿ ಕಿತ್ತು ತಗೀತೀವಿ."

"ಅಷ್ಟು ಕಷ್ಟಪಟ್ಟು ಕಟ್ಟಿ, ಕಿತ್ತು ಒಗೀತೀರೇನ?"

"ಕೀಳಾಕ ಅಂತನ ಕಟ್ಟೋದು. ಕಾಫರ್ ಡ್ಯಾಂ ಅಂದ್ರ ಅಷ್ಟ ಅಕ್ಕಾ."

ತಟ್ಟೆಯಲ್ಲಿ ಸಾರು ಆರಿಹೋಗಿತ್ತು. ಒಂದು ಒಲೆ, ಎರಡು ಪಾತ್ರೆ, ಒಂದು ಕುರ್ಚಿಯ ಕೋಣೆ. ಅವನು ಹೀಗೆ ಬದುಕುತ್ತಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಅವನೂ ದಿನಕ್ಕೆ ಎರಡು ಸಲ "ತಿಂದೆ" ಎಂದು ಫೋನಿನಲ್ಲಿ ಹೇಳುವವನೇ.

ಬುಧವಾರ ಬೆಳಿಗ್ಗೆ ಆರೂವರೆಗೆ ಹೊಳೆಗೆ ಹೋದೆವು. ದಡದಿಂದ ಗೋಡೆಯವರೆಗೆ ಕಬ್ಬಿಣದ ಕಂಬಗಳ ಮೇಲೆ ಉದ್ದನೆಯ ಹಲಗೆದಾರಿ. ಮೋಡ ಕಟ್ಟಿತ್ತು. ಸಮುದ್ರದಲ್ಲಿ ವಾಯುಭಾರ ಕುಸಿತವಂತೆ, ಮೇಲಿನ ಹಳ್ಳಗಳಲ್ಲಿ ಹಿಂದಿನ ದಿನವೇ ಮಳೆಯಂತೆ. "ಹೊರಗ ನೀರು ಏರಿ, ಒಳಗ ಖಾಲಿ ಇದ್ರ, ಹೊಳಿ ಗ್ವಾಡೀನ ಒಳಗ ತಳ್ಳತೈತಿ," ಎಂದ ಮಂಜು. "ಒಳಗೂ ನೀರು ತುಂಬಿದ್ರ ಎರಡೂ ಕಡಿ ಸಮ. ಅದಕ್ಕ ಇವತ್ತು ಹನ್ನೆರಡಕ್ಕ ತೂಬು ತಗೀಬೇಕು. ತಡಾ ಆದ್ರ ಗ್ವಾಡಿ ಕತಿ ಮುಗೀತು, ಅದರ ಸಂಗಡ ನಂದೂ." ಗೋಡೆಯ ಹೊರಮೈಯಲ್ಲಿ ಕೆಂಪು ಬಣ್ಣದ ಗೀಟು ತೋರಿಸಿದ. ನೀರು ಅಲ್ಲಿಗೆ ಮುಟ್ಟಬಾರದು. ಮುಟ್ಟಲು ಇನ್ನೂ ಒಂದಾಳೆತ್ತರ ಇತ್ತು.

ಇಳಿಯುವ ಏಣಿಯ ಬಳಿ ಒಂದು ದೊಡ್ಡ ಹಲಗೆ. ಅದರ ತುಂಬ ಮೊಳೆ, ಒಂದೊಂದು ಮೊಳೆಗೆ ಒಂದೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಗೆ ನಂಬರು. ಇಳಿಯುವವನು ತನ್ನ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಹತ್ತಿ ಬಂದಾಗ ತೂಗುಹಾಕಬೇಕು. ಆ ಹಲಗೆಯ ಯಜಮಾನ ನೂಕರಾಜು. ಅರವತ್ತರ ಹತ್ತಿರದ ಮನುಷ್ಯ, ವಿಶಾಖಪಟ್ಟಣದ ಬೆಸ್ತರ ಕೇರಿಯವನು, ಕೆಲಸಗಾರರ ಮೇಸ್ತ್ರಿ. ನಮ್ಮ ಕಡೆಯ ಸೇತುವೆಗಳಲ್ಲಿ ಕೆಲಸ ಮಾಡಿ ಕನ್ನಡ ಕಲಿತಿದ್ದ.

"ಅಮ್ಮಗಾರು, ಖಾಲಿ ಮೊಳೆ ಅಂದ್ರೆ ಕೆಳಗೆ ಒಂದು ಮನುಷ್ಯ," ಎಂದು ಬಿಲ್ಲೆ ಕೊಟ್ಟ. ಬಂದುಹೋಗುವವರಿಗೆಂದು ಇದ್ದ ಕೊನೆಯ ಸಾಲಿನ ಮೊದಲ ಬಿಲ್ಲೆ, ನಲವತ್ತೊಂದು.

"ನಮ್ಮ ಹಾಜರಿ ಪುಸ್ತಕ ಇದ್ದಂಗ," ಎಂದೆ.

"ಪುಸ್ತಕದಲ್ಲಿ ತಪ್ಪಾದ್ರೆ ರಬ್ಬರ್ ಇದೆ ಅಮ್ಮಾ," ಎಂದ ಅವನು. ನಗಲಿಲ್ಲ.

ಕೆಳಗೆ ತಣ್ಣಗಿತ್ತು. ನಾಲ್ಕೂ ಕಡೆ ಉಕ್ಕಿನ ಗೋಡೆ, ಗೋಡೆಯಿಂದ ಗೋಡೆಗೆ ಕೊಟ್ಟ ದಪ್ಪ ಅಡ್ಡಪಟ್ಟಿಗಳು, ನಡುವೆ ಹೊಸ ಕಂಬ, ತಲೆಯ ಮೇಲೆ ಆಕಾಶದ ಒಂದು ಚೌಕ. ಹಲಗೆಗಳ ಸಂದಿನಲ್ಲಿ ನೀರು ದಾರದಂತೆ ಇಳಿಯುತ್ತಿತ್ತು. ಸಂದಿ ದೊಡ್ಡದಾದರೆ ಹೊರಗಿನಿಂದ ಭತ್ತದ ಹೊಟ್ಟು, ಬೂದಿ ಸುರಿಯುತ್ತಾರಂತೆ. ನೀರು ತಾನೇ ಅದನ್ನು ಎಳೆದುಕೊಂಡು ಹೋಗಿ ಸಂದಿಗೆ ತುಂಬಿಕೊಳ್ಳುತ್ತದಂತೆ. ನಾವು ಸೋರುವ ಕೊಡಕ್ಕೆ ಮೇಣ ಹಚ್ಚಿದ ಹಾಗೆ. ಗೋಡೆಗೆ ಅಂಗೈ ಒತ್ತಿದೆ. ಆ ಕಡೆ ಇಡೀ ಕೃಷ್ಣೆ. ಉಕ್ಕು ಸಣ್ಣಗೆ ನಡುಗುತ್ತಿತ್ತು, ಮಲಗಿದ ಎಮ್ಮೆಯ ಹೊಟ್ಟೆಯ ಹಾಗೆ. ಕೆಲಸಗಾರರು ಕೊನೆಯ ಸಾಮಾನು ಮೇಲೆ ಕಳಿಸುತ್ತಾ ಕಾಗದದ ಲೋಟದಲ್ಲಿ ಚಹಾ ಕೊಟ್ಟರು. ತಲೆಯಿಂದ ಎರಡಾಳು ಮೇಲೆ ಎಲ್ಲೋ ಒಂದು ದೋಣಿ ದಡದಡ ಎನ್ನುತ್ತಾ ಹೋಯಿತು. ಅದರಲ್ಲಿದ್ದವರಿಗೆ ಕೆಳಗೆ ನಾನು ಚಹಾ ಕುಡಿಯುತ್ತಿರುವುದು ತಿಳಿಯುವಂತಿರಲಿಲ್ಲ.

"ಇನ್ನೊಮ್ಮೆ ಇಳೀಬೇಕು ಅನಸ್ತೈತಿ ಮಂಜು," ಎಂದೆ ಹತ್ತುವ ಮುಂಚೆ.

ಏಣಿಗೆ ಎರಡೂ ಕೈ ಬೇಕು. ಬಿಲ್ಲೆಯನ್ನು ಸೊಂಟದ ಸಂಚಿಯಲ್ಲಿ ಹಾಕಿಕೊಂಡೆ. ನಂಬರಿರುವ ಲೋಹದ ತುಂಡು ಯಾವುದೇ ಕೈಗೆ ಬಂದರೂ ಅದು ನನ್ನ ಸಂಚಿಗೇ ಹೋಗುತ್ತದೆ. ಹಾಸ್ಟೆಲಿನ ಕೋಣೆಗಳ ಕೀಲಿ ಹಿಡಿದು ಬಂದ ರೂಢಿ.

ಮೇಲೆ ಬರುವುದಕ್ಕೂ ಒಂದು ಪಂಪು ಕೆಮ್ಮಿ ನಿಲ್ಲುವುದಕ್ಕೂ ಸರಿಹೋಯಿತು. ಮಂಜು ಓಡಿದ. ಆಟೋನಗರದ ಗ್ಯಾರೇಜಿನಿಂದ ಬಂದಿದ್ದ ಮೆಕ್ಯಾನಿಕ್ ಓಡಿದ. ನೂಕರಾಜು ಹಲಗೆ ಬಿಟ್ಟು ಅತ್ತ ಹೋದ. ನಾನು ಹತ್ತು ನಿಮಿಷ ನಿಂತೆ. ಎಲ್ಲರ ಬೆನ್ನು ನನ್ನ ಕಡೆ. ರೈಲಿನ ಹೊತ್ತಾಗುತ್ತಿತ್ತು. ಕೆಲಸದಲ್ಲಿರುವವರನ್ನು ಕರೆದು ಹೋಗಿ ಬರುತ್ತೇನೆ ಎನ್ನುವುದು ನನಗೆ ಯಾವಾಗಲೂ ಸಂಕೋಚ. ಸದ್ದಿಲ್ಲದೆ ಹಲಗೆದಾರಿ ದಾಟಿ, ರಸ್ತೆಯಲ್ಲಿ ಆಟೋ ಹಿಡಿದೆ. ಬ್ಯಾಟರಿ ಉಳಿಯಲೆಂದು ಫೋನು ಆರಿಸಿದೆ.

ಗೋದಾವರಿಯ ಮೇಲೆ

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರಿಗೆ ಒಬ್ಬ ಮುದುಕಿ ಮಾವಿನ ಉಪ್ಪಿನಕಾಯಿಯ ಜಾಡಿಯನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎರಡೂವರೆ ತಾಸು ನಾವು ಮಾತಾಡಲಿಲ್ಲ. ಗೋದಾವರಿ ಬಂತು. ಸೇತುವೆ ಶುರುವಾದೊಡನೆ ಡಬ್ಬಿಯವರೆಲ್ಲ ಜೇಬು ತಡಕಾಡಿದರು. ಈ ಹೊಳೆ ದಾಟುವಾಗ ಒಂದು ನಾಣ್ಯ ಹಾಕಿ ಕೈಮುಗಿಯುವುದು ಅಲ್ಲಿಯ ಪದ್ಧತಿ. ಮುದುಕಿ ಹಾಕಿದಳು. ನನ್ನ ಕಡೆ ಗದ್ದ ಎತ್ತಿ, ನೀನೂ ಹಾಕು ಎಂದು ಸನ್ನೆ ಮಾಡಿದಳು.

ಸಂಚಿಗೆ ಕೈ ಹಾಕಿದೆ. ದುಂಡಗಿನದು ಒಂದು ಸಿಕ್ಕಿತು. ಕಣ್ಣು ಹೊಳೆಯ ಮೇಲೆಯೇ ಇತ್ತು. ಸರಳಿನ ನಡುವೆ ಕೈ ತೂರಿಸಿ ಎಸೆಯಬೇಕು, ಅಷ್ಟರಲ್ಲಿ ಮುದುಕಿ ನನ್ನ ಮಣಿಕಟ್ಟು ಹಿಡಿದಳು.

"ಆಗಮ್ಮಾ! ಅದೇಮಿಟಿ?" ತಾಳಮ್ಮಾ, ಅದೇನು ಎಂದು.

ಅಂಗೈ ಬಿಚ್ಚಿದೆ. ನಲವತ್ತೊಂದು.

ರೈಲು ಇನ್ನೂ ಸೇತುವೆಯ ಮೇಲೇ ಇತ್ತು. ಖಾಲಿ ಮೊಳೆ ಅಂದ್ರೆ ಕೆಳಗೆ ಒಂದು ಮನುಷ್ಯ. ಫೋನು ಹಚ್ಚಿದೆ. ನನ್ನದು ಗುಂಡಿಯ ಫೋನು, ಹಚ್ಚಿಕೊಳ್ಳಲು ಅದರದೇ ಹೊತ್ತು ತೆಗೆದುಕೊಳ್ಳುತ್ತದೆ. ಹಚ್ಚಿಕೊಂಡದ್ದೇ ರಿಂಗಾಯಿತು.

"ಅಕ್ಕಾ!" ಮಂಜುವಿನ ಧ್ವನಿ ಒಡೆದಿತ್ತು. "ಎಲ್ಲಿದ್ದೀ? ಎಲ್ಲಿ ಹೋಗಿದ್ದೀ? ರೈಲಿಗೆ ಹೋಗಿರಬೇಕು ಅಂತ ಫೋನ್ ಹಚ್ಚಿದ್ರ ಬಂದ್. ಹಲಗ್ಯಾಗ ನಿನ್ನ ಮೊಳಿ ಖಾಲಿ. ನಾಕ್ ಸಲ ಕೆಳಗ ಇಳಿದು ಹುಡುಕೀನಿ. ಇನ್ನೊಮ್ಮೆ ಇಳೀಬೇಕು ಅಂದಿದ್ಯಲ್ಲ, ಇಳಿದು ಎಲ್ಲೆರೆ ಬಿದ್ದೀಯೇನೋ ಅಂತ..."

"ರೈಲಿನಾಗ ಅದೀನೋ. ಬಿಲ್ಲೆ ನನ್ನ ಕಡೆ ಐತಿ. ತಪ್ಪಾತು. ನೀನು ತೂಬು ತಗೀ."

ಅತ್ತ ಕಡೆ ಮಾತು. ಆಮೇಲೆ ನೂಕರಾಜು. "ಅಮ್ಮಾ, ಫೋನಲ್ಲಿ ನೀವೇ ಅಂತ ನಾನು ಹೇಗೆ ತಿಳಿಯಲಿ?"

"ನನ್ನ ತಮ್ಮ ಹೇಳ್ತಾನಲ್ರೀ."

"ನಿಮ್ಮ ತಮ್ಮನಿಗೆ ಅವಸರ ಇದೆ. ನೀರು ಏರ್ತಾ ಇದೆ. ಅವಸರ ಇರೋನ ಮಾತು ಈ ಹಲಗೆ ಮುಂದೆ ನಡೆಯೋಲ್ಲ. ಮನುಷ್ಯ ಬರಬೇಕು, ಬಿಲ್ಲೆ ಬರಬೇಕು."

"ಅಲ್ಲೀತನಕ ಗೋಡಿ ನಿಲ್ತೈತೇನ್ರಿ?"

"ಅದನ್ನ ಗೋಡೆಗೇ ಕೇಳ್ಬೇಕು," ಎಂದು ಇಟ್ಟುಬಿಟ್ಟ.

ರೈಲು ರಾಜಮಂಡ್ರಿಯಲ್ಲಿ ನಿಧಾನವಾಯಿತು. ಇಳಿದೆ. ಮುದುಕಿ ಕಿಟಕಿಯಿಂದ ಏನೋ ಕೂಗಿ ಹೇಳಿದಳು, ತಿಳಿಯಲಿಲ್ಲ. ವಾಪಸು ರೈಲಿಗೆ ಮುಕ್ಕಾಲು ತಾಸು ಕಾದೆ. ಕೂರಲು ಜಾಗ ಸಿಗದೆ ಬಾಗಿಲ ಬಳಿ ನಿಂತು ಬಂದೆ. ಬಿಲ್ಲೆಯನ್ನು ಸಂಚಿಗೆ ಹಾಕಲು ಧೈರ್ಯವಾಗಲಿಲ್ಲ. ಮುಷ್ಟಿಯಲ್ಲೇ ಹಿಡಿದಿದ್ದೆ. ದಾರಿಯಲ್ಲಿ ಮಳೆ ಶುರುವಾಯಿತು. ಗದಗಿನಲ್ಲಿ ಮಳೆ ಬಂದರೆ ಜನ ಕಟ್ಟೆಗೆ ಬಂದು ನೋಡುತ್ತಾರೆ. ನಾನು ಮೊದಲ ಸಲ ನಿಲ್ಲಪ್ಪಾ ಎಂದು ಬೇಡಿಕೊಂಡೆ.

ಮತ್ತೆ ಹೊಳೆಯ ಬಳಿ

ಮೂರೂವರೆಗೆ ಹಲಗೆದಾರಿ ಮುಟ್ಟಿದೆ. ಇಡೀ ಸೈಟು ಮಳೆಯಲ್ಲಿ ನಿಂತಿತ್ತು. ನನ್ನನ್ನು ಕಂಡದ್ದೇ ಯಾರೋ ಕೂಗಿದರು, ಎಲ್ಲರೂ ತಿರುಗಿದರು. ಬೆಳಿಗ್ಗೆ ಬೆನ್ನು ಮಾಡಿಕೊಂಡು ನಿಂತಿದ್ದವರೇ. ಮಂಜು ಮೊಣಕಾಲಿನವರೆಗೂ ಕೆಸರು. ನನ್ನ ತೋಳು ಹಿಡಿದು ಹಲಗೆಯ ಕಡೆ ಎಳೆದುಕೊಂಡು ನಡೆದ.

ಕೆಂಪು ಗೀಟು ನೋಡಿದೆ. ನೀರಿಗೂ ಅದಕ್ಕೂ ನಡುವೆ ಒಂದು ಗೇಣು. ಗೋಡೆ ಆಗಾಗ ಕಟಕಟ ಎನ್ನುತ್ತಿತ್ತು.

ನೂಕರಾಜು ಹಲಗೆಯ ಮುಂದೆ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ನಿಂತಿದ್ದ. ಬಿಲ್ಲೆ ಕೊಡಲು ಕೈ ಚಾಚಿದೆ. ತೆಗೆದುಕೊಳ್ಳಲಿಲ್ಲ.

"ನೀವೇ ಹಾಕಿ."

ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ದುಂಡನೆಯ ಗುರುತು ಬಿದ್ದಿತ್ತು. ಖಾಲಿಯಿದ್ದ ಒಂದೇ ಮೊಳೆಗೆ ಬಿಲ್ಲೆ ತೂಗುಹಾಕಿದೆ. ಮುಗಿಯಿತು ಎಂದುಕೊಂಡರೆ ಅವನು ಒಂದರಿಂದ ನಂಬರು ಕೂಗತೊಡಗಿದ. ಒಬ್ಬೊಬ್ಬರೂ ಮಳೆಯಲ್ಲಿ ನಿಂತಲ್ಲಿಂದ "ಉನ್ನಾ", "ಉನ್ನಾ" ಎಂದರು. ಇದ್ದೇನೆ ಎಂದು. ಮಂಜುವಿನ ನಂಬರು ಏಳು. ಅವನೂ ಶಾಲೆಯ ಹುಡುಗನಂತೆ "ಉನ್ನಾ" ಎಂದ. ಗೋಡೆ ಮತ್ತೆ ಕಟಕಟ ಎಂದಿತು. ನೂಕರಾಜು ಅವಸರ ಮಾಡಲಿಲ್ಲ. ಮೂವತ್ತೊಂಬತ್ತು. ನಲವತ್ತು.

"ನಲಭೈ ಒಕಟಿ."

ಎಲ್ಲರೂ ನನ್ನ ಕಡೆ ನೋಡಿದರು. ಇಪ್ಪತ್ತಾರು ವರ್ಷ ಹೆಸರು ಕರೆದವಳಿಗೆ, ಈಗ ಉತ್ತರ ಕೊಡಬೇಕಾದವಳು ನಾನು ಎಂಬುದು ತಕ್ಷಣ ಹೊಳೆಯಲಿಲ್ಲ. ಅವನು ಮತ್ತೊಮ್ಮೆ ಕೂಗಿದ.

"ಅದೀನ್ರಿ," ಎಂದೆ.

ಕನ್ನಡ ಬಾರದ ಆ ಜನರಿಗೆ ಅದು ತಿಳಿಯಿತು. ನೂಕರಾಜು ಕೈ ಎತ್ತಿದ. ಗೋಡೆಯಲ್ಲಿ ಬಿಟ್ಟಿದ್ದ ತೂಬಿನ ಚಕ್ರ ತಿರುಗಿಸಿದರು. ಕೆಂಪು ನೀರು ಕಮಾನಿನಂತೆ ಒಳಗೆ ಬಿತ್ತು. ಬೆಳಿಗ್ಗೆ ನಾನು ಚಹಾ ಕುಡಿದ ಜಾಗ ಮೊದಲು ಮಿನುಗಿತು, ಆಮೇಲೆ ಕಾಣದಾಯಿತು. ಎರಡು ತಾಸಿಗೆ ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕೆ ಬಂತು. ಗೋಡೆ ಸದ್ದು ಮಾಡುವುದನ್ನು ನಿಲ್ಲಿಸಿತು.

ನೂಕರಾಜು ನನ್ನ ಪಕ್ಕ ಬಂದು ನಿಂತ. ಬೈಗುಳಕ್ಕೆ ಸಿದ್ಧಳಾಗಿದ್ದೆ.

"ನೀವು ಬೈದರ ಬೈಯ್ರಿ," ಎಂದೆ.

"ಒಂದ್ಸಲ, ಬೇರೆ ಊರು, ಬೇರೆ ನೀರು, ಒಂದು ಖಾಲಿ ಮೊಳೆ," ಎಂದ ಅವನು ಹೊಳೆಯನ್ನೇ ನೋಡುತ್ತಾ. "ಮನೆಗೆ ಹೋಗಿದಾನೆ ಅಂದ್ರು. ನಂಬಿ ನೀರು ಬಿಟ್ಟೆ." ತಲೆಯ ಮೇಲಿನ ಪ್ಲಾಸ್ಟಿಕ್ ಚೀಲ ತೆಗೆದು ಕೊಡವಿ ಕೇಳಿದ: "ಅಮ್ಮಾ, ತಿಂದ್ರಾ?"

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಇಲ್ಲ ಎಂದೆ. ಆ ಪ್ರವಾಸದಲ್ಲಿ ಆ ಪ್ರಶ್ನೆಗೆ ಮೊದಲ ಸಲ ನಿಜ ಹೇಳಿದ್ದೆ. ಅವನು ತನ್ನ ಡಬ್ಬಿ ಬಿಚ್ಚಿದ. ಮೊಸರನ್ನ, ಅಂಚಿಗೆ ಹೊಸ ಮಾವಿನ ಉಪ್ಪಿನಕಾಯಿ.

ವಿಶಾಖಪಟ್ಟಣ, ಕೊನೆಯ ದಿನ

ಮರುದಿನ ಮಧ್ಯಾಹ್ನ ತಮ್ಮನ ಮನೆ ತಲುಪಿದೆ. ಬಾಗಿಲು ಹಾಕಿತ್ತು. ಕುಂಡದ ಕೆಳಗೆ ಬಗ್ಗಿ ನೋಡಿದೆ, ಕೀಲಿ ಇರಲಿಲ್ಲ. ನನ್ನನ್ನು ಮರೆತಿದ್ದಾರೆ ಎಂದುಕೊಂಡು ಮೆಟ್ಟಿಲ ಮೇಲೆ ಕೂತೆ. ಒಂದು ತಾಸಿನ ಮೇಲೆ ಲಾಸ್ಯ ಬಂದಳು. ಕಿವಿಯ ವೈರು ಕಿತ್ತಳು.

"ಅತ್ತಾ, ನಿನ್ನೆ ನಾನ್ನ ಏಡ್ಚೇಶಾರು," ಎಂದಳು. ಅಪ್ಪ ಫೋನಿನಲ್ಲಿ ಅತ್ತುಬಿಟ್ಟರು ಎಂದು. ನನ್ನ ಮುಖ ನೋಡುತ್ತಾ ನಿಂತು, ತಡವರಿಸಿ ಕನ್ನಡಕ್ಕೆ ಬಂದಳು. "ಅಮ್ಮಾನೂ. ನಾನು... ನಾನು ಸ್ವಲ್ಪನೇ."

ಬಾಗಿಲು ತೆರೆದಳು. ಪಕ್ಕದ ಕೀಲಿ ಹಲಗೆಯಲ್ಲಿ ಮೂರು ಕೊಂಡಿಗಳ ಸಾಲಿಗೆ ಸ್ವಲ್ಪ ಸೊಟ್ಟಗೆ ಒಂದು ಮೊಳೆ ಹೊಡೆದಿತ್ತು. ಕುಂಡದ ಕೆಳಗಿನ ಕೀಲಿ ಅಲ್ಲಿ ತೂಗುತ್ತಿತ್ತು.

"ಯಾರು ಹೊಡೆದದ್ದು?"

"ನೇನೇ," ಎಂದಳು. ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು.

ಚಹಾ ಮಾಡಿ ಕೊಟ್ಟೆ. ಕುಡಿದು ಅವಳು ಮತ್ತೆ ಕೋಚಿಂಗಿಗೆ ಓಡಿದಳು. ಸತ್ಯವತಿಯ ಬಸ್ಸು ಬರಲು ಇನ್ನೂ ಹೊತ್ತಿತ್ತು. ಮನೆ ಮತ್ತೆ ಸುಮ್ಮನಾಯಿತು. ಪಾತ್ರೆ ತೊಳೆದೆ, ಒಣಗದ ಸೀರೆಯನ್ನು ಫ್ಯಾನಿನ ಕೆಳಗೆ ಹರವಿದೆ, ಚೀಲ ಕಟ್ಟಿದೆ. ಇನ್ನೇನೂ ಕೆಲಸ ಉಳಿಯಲಿಲ್ಲ. ಕೊನೆಯ ಸಲ ಹಡಗುಗಳನ್ನು ಎಣಿಸಿ ಬರೋಣ ಎನಿಸಿತು.

ಸೊಟ್ಟ ಮೊಳೆಯಿಂದ ನನ್ನ ಕೀಲಿ ತೆಗೆದುಕೊಂಡೆ. ಖಾಲಿ ಮೊಳೆಯನ್ನು ಒಂದು ಗಳಿಗೆ ನೋಡಿ, ಬಾಗಿಲು ಎಳೆದುಕೊಂಡು ಬೀಚಿಗೆ ಹೋದೆ.